ಟ್ಯಾನ್‌ಪಿಟ್ ಲೇನಿನ ಹುಲ್ಲು

ವೆಂಟ್ನರ್, ವೈಟ್ ದ್ವೀಪ
22 ಆಗಸ್ಟ್ 1962

ಸಿರಿಲ್,

ನೀನು ಕಳಿಸಿದ, ಶನಿವಾರದ ಫುಟ್‌ಬಾಲ್ ಸುದ್ದಿಯ ಗುಲಾಬಿ ಬಣ್ಣದ ಪತ್ರಿಕೆ ಇವತ್ತು ಬೆಳಿಗ್ಗೆ ಬಂತು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎರಡು ಸಲ ಓದಿದೆ. ಬ್ರಾಕ್‌ಡೇಲ್ ಟೌನ್ ತಂಡ ಮೂವತ್ಮೂರು ವರ್ಷಗಳ ನಂತರ ಮೊದಲ ಡಿವಿಷನ್ನಿನಲ್ಲಿ ಆಡಿತು, ಲಂಡನ್ನಿನವರ ಕೈಯಲ್ಲಿ ಮೂರು ಗೋಲು ತಿಂದಿತು, ಅಧ್ಯಕ್ಷರ ಹೆಂಡತಿ ಹಕ್ಕಿಯ ಗರಿ ಸಿಕ್ಕಿಸಿದ ಹ್ಯಾಟು ಹಾಕಿಕೊಂಡು ಬಂದಿದ್ದರು. ಇಷ್ಟೆಲ್ಲ ಬರೆದಿದ್ದಾರೆ. ಹುಲ್ಲಿನ ಬಗ್ಗೆ ಒಂದಕ್ಷರವಿಲ್ಲ. ಇಪ್ಪತ್ತೆರಡು ಜನ ಗಾಳಿಯಲ್ಲಿ ಓಡಾಡಿದರೇನು?

ಮೂವತ್ತೊಂದು ವರ್ಷ ಆ ಮೈದಾನವನ್ನು ನೋಡಿಕೊಂಡವನು ನಾನು. ಎರಡನೆಯ ಡಿವಿಷನ್, ಮೂರನೆಯ ಡಿವಿಷನ್, ಯುದ್ಧದ ಕಾಲದಲ್ಲಿ ಅದರ ಮೇಲೆ ನಿಂತ ಸೈನ್ಯದ ಲಾರಿಗಳು, ಎಲ್ಲವನ್ನೂ ಕಂಡೆ. ಕಾಣದೆ ಉಳಿದದ್ದು ಇದೊಂದೇ. ಏಪ್ರಿಲ್‌ನಲ್ಲಿ ತಂಡ ಮೇಲಕ್ಕೆ ಹೋಯಿತು. ಮೇ ತಿಂಗಳಲ್ಲಿ ಡಾಕ್ಟರು ನನ್ನ ಎದೆಗೆ ಕಿವಿಗೊಟ್ಟು, "ಬಿಬ್ಬಿ, ಗಿರಣಿ ಹೊಗೆ ಇನ್ನೊಂದ್ ಚಳಿಗಾಲ ಕುಡಿದ್ರೆ ನಿಮ್ಮನ್ನ ಅದೇ ಮೈದಾನದಲ್ಲಿ ಹೂಳ್ಬೇಕಾಗುತ್ತೆ" ಎಂದರು. ಹೂಳಿ ಎಂದೆ. ತಂಗಿ ಹೆಸ್ಟರ್ ಒಪ್ಪಲಿಲ್ಲ. ಈಗ ಅವಳ ಮನೆಯ ಕಿಟಕಿಯಲ್ಲಿ ಕೂತು ಸಮುದ್ರ ನೋಡುತ್ತಿದ್ದೇನೆ. ಸಮುದ್ರಕ್ಕೆ ಕತ್ತರಿ ಹಾಕುವ ಕೆಲಸವಿಲ್ಲ, ರೋಲರ್ ಹೊಡೆಯುವ ಕೆಲಸವಿಲ್ಲ. ಇದನ್ನು ನೋಡಲು ಜನ ದುಡ್ಡು ಖರ್ಚು ಮಾಡಿಕೊಂಡು ಬರುತ್ತಾರೆ.

ಈಗ ಹೇಳುವುದನ್ನು ಸರಿಯಾಗಿ ಕೇಳು. ಒಂದು ಇಂಚಿಗಿಂತ ಕೆಳಗೆ ಕತ್ತರಿಸಬೇಡ. ಕಾಲುವೆ ಕಡೆಯ ಗೋಲಿನ ಮುಂದೆ ವಾರಕ್ಕೊಮ್ಮೆ ಕಬ್ಬಿಣದ ಕವೆಗೋಲಿನಿಂದ ನೆಲ ತಿವಿ, ಅಲ್ಲಿ ನೀರು ನಿಲ್ಲುತ್ತದೆ. ಮ್ಯಾನೇಜರ್ ಕ್ರೋಸರ್ ತನ್ನ ಹುಡುಗರನ್ನು ಅಭ್ಯಾಸಕ್ಕೆಂದು ಮೈದಾನಕ್ಕೆ ಇಳಿಸಿದರೆ ಗೇಟಿಗೆ ಬೀಗ ಹಾಕಿ ಬೀಗದ ಕೈ ಕಳೆದುಹೋಯಿತು ಎನ್ನು. ನಾನು ಆರು ಮ್ಯಾನೇಜರುಗಳಿಗೆ ಹಾಗೆಯೇ ಹೇಳಿದ್ದೇನೆ.

ಮೊದಲ ದಿನ ಹುಲ್ಲು ಹೇಗಿತ್ತು? ಸ್ಕೋರು ಬೇಡ, ಗೊತ್ತಿದೆ.

ಎನೊಕ್ ಬಿಬ್ಬಿ


ಟ್ಯಾನ್‌ಪಿಟ್ ಲೇನ್, ಬ್ರಾಕ್‌ಡೇಲ್
28 ಆಗಸ್ಟ್ 1962

ಮಾನ್ಯ ಬಿಬ್ಬಿಯವರೇ,

ಹುಲ್ಲು ಹೇಗಿತ್ತು ಎಂದು ಕೇಳಿದ್ದೀರಿ. ಬರೆಯಲು ನನಗೇ ಸಂಕೋಚವಾಗುತ್ತಿದೆ. ಆಟಕ್ಕೆ ಒಂದು ಗಂಟೆ ಮೊದಲು ಲಂಡನ್ ತಂಡದ ಮ್ಯಾನೇಜರ್ ಒಬ್ಬರೇ ಮೈದಾನದ ಮಧ್ಯಕ್ಕೆ ನಡೆದುಹೋದರು, ಕೂತರು, ಅಂಗೈಯಿಂದ ಹುಲ್ಲನ್ನು ಸವರಿದರು. ಎದ್ದು ನನ್ನ ಬಳಿ ಬಂದು, "ಏನ್ ಹಾಕ್ತೀಯಪ್ಪಾ ಇದಕ್ಕೆ? ನಮ್ಮ ಮನೆ ಕಾರ್ಪೆಟ್ಟೂ ಹೀಗಿಲ್ಲ" ಎಂದರು. ಮರಳು ಹಾಕುತ್ತೇನೆ ಎಂದೆ. ಆಮೇಲೆ ಅವರ ತಂಡ ಅದೇ ಕಾರ್ಪೆಟ್ಟಿನ ಮೇಲೆ ನಮ್ಮನ್ನು ಒರೆಸಿಹಾಕಿತು. ನಮ್ಮ ಹೋಲ್‌ರಾಯ್ಡ್ ಹನ್ನೊಂದು ವರ್ಷದಿಂದ ರಕ್ಷಣೆಗೆ ನಿಂತವನು, ಅವರ ಫಾರ್ವರ್ಡನ ಬೆನ್ನಿನ ನಂಬರು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಇನ್ನೊಂದು ವಿಷಯ. ಸೋಮವಾರ ತಂಡದ ಫೋಟೋ ತೆಗೆದರು. ನಾನು ರೋಲರ್ ಎಳೆಯುತ್ತಿದ್ದೆ. ಅಧ್ಯಕ್ಷ ಹೆಸ್ಕೆತ್ ಅವರು ಕೂಗಿ ಕರೆದರು: "ಏಯ್ ಸಿರಿಲ್, ಬಾರಯ್ಯಾ ಇಲ್ಲಿ, ನೀನೂ ನಿಂತ್ಕೋ. ಈ ಊರಲ್ಲಿ ಮೊದಲ ಡಿವಿಷನ್‌ಗೆ ಲಾಯಕ್ಕಾಗಿರೋದು ನಿನ್ನ ಹುಲ್ಲೊಂದೇ!" ಎಲ್ಲರೂ ನಕ್ಕರು, ಕ್ರೋಸರ್ ಒಬ್ಬರನ್ನು ಬಿಟ್ಟು. ಟ್ಯಾನ್‌ಪಿಟ್ ಲೇನಿನಲ್ಲಿ ಇಷ್ಟು ಒಳ್ಳೆಯ ಹುಲ್ಲನ್ನು ಹಿಂದೆಂದೂ ನೋಡಿಲ್ಲ ಎಂದು ಅಧ್ಯಕ್ಷರು ಎಲ್ಲರೆದುರು ಹೇಳಿದರು. ಹದಿನಾಲ್ಕು ವರ್ಷ ನಿಮ್ಮ ಕೈಕೆಳಗೆ ಕಲಿತಿದ್ದು ಸಾರ್ಥಕವಾಯಿತು ಎನಿಸಿತು. ನನ್ನ ಹೆಂಡತಿ ಐವಿ ಫೋಟೋದ ಮೂರು ಪ್ರತಿ ಕೊಂಡಳು. ಒಂದು ನಿಮಗೆ.

ಗುಲಾಬಿ ಪತ್ರಿಕೆಯನ್ನು ಪ್ರತಿ ವಾರ ತಪ್ಪದೆ ಕಳಿಸುತ್ತೇನೆ.

ನಿಮ್ಮ,
ಸಿರಿಲ್ ಕ್ಯಾಟರಾಲ್


ವೆಂಟ್ನರ್
10 ಸೆಪ್ಟೆಂಬರ್ 1962

ಸಿರಿಲ್,

ಫೋಟೋ ಬಂತು. ಹಿಂದಿನ ಸಾಲಿನ ಕೊನೆಯಲ್ಲಿ ನಿಂತಿದ್ದೀಯ, ಕೈ ಎಲ್ಲಿಡಬೇಕೆಂದು ಗೊತ್ತಿಲ್ಲದವನ ಹಾಗೆ. ಹೆಸ್ಟರ್ ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕೋಣ ಎಂದಳು. ಬಿಸಿಲಿಗೆ ಮಾಸುತ್ತದೆ, ಬೇಡ ಎಂದೆ.

ಹುಲ್ಲು ಒಂದು ಬೇಸಿಗೆಯಲ್ಲಿ ಬರುವುದಿಲ್ಲ, ಅಧ್ಯಕ್ಷರಿಗೆ ಅದು ಗೊತ್ತಿರಲಿಕ್ಕಿಲ್ಲ. ಗಿರಣಿ ನಡೆಸುವವರಿಗೆ ನೂಲಿನ ವಿಷಯ ಗೊತ್ತಿದ್ದರೆ ಸಾಕು.

ನನ್ನ ಎದೆ ಪರವಾಗಿಲ್ಲ. ಅಕ್ಟೋಬರಿನಲ್ಲಿ ಎರೆಹುಳುವಿನ ಮಣ್ಣನ್ನು ಬೆಳಿಗ್ಗೆಯೇ ಗುಡಿಸು. ನಿನಗೆ ಹೇಳಿಕೊಡಬೇಕಾದ್ದು ಬೇರೇನೂ ಉಳಿದಂತಿಲ್ಲ.

ಎ. ಬಿಬ್ಬಿ


ಟ್ಯಾನ್‌ಪಿಟ್ ಲೇನ್
7 ಜನವರಿ 1963, ಸೋಮವಾರ

ಮಾನ್ಯ ಬಿಬ್ಬಿಯವರೇ,

ನನ್ನ ಮೂರು ಪತ್ರಗಳಿಗೂ ಕ್ರಿಸ್‌ಮಸ್ ಕಾರ್ಡಿಗೂ ನಿಮ್ಮಿಂದ ಉತ್ತರವಿಲ್ಲ. ಕೆಲಸದ ಪತ್ರಕ್ಕೆ ನೀವು ಉತ್ತರ ಬರೆಯದೆ ಇರಲಾರಿರಿ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕ್ರಿಸ್‌ಮಸ್ ಮರುದಿನ ಬಿದ್ದ ಹಿಮ ಇನ್ನೂ ಕರಗಿಲ್ಲ. ಕಾಲುವೆ ಹೆಪ್ಪುಗಟ್ಟಿ ಮಕ್ಕಳು ಅದರ ಮೇಲೆ ಸೈಕಲ್ ಹೊಡೆಯುತ್ತಿದ್ದಾರೆ. ನೀವು ಮಾಡುತ್ತಿದ್ದ ಹಾಗೆಯೇ ಮೈದಾನಕ್ಕೆಲ್ಲ ಒಣಹುಲ್ಲಿನ ಹೊದಿಕೆ ಹಾಸಿದೆ. ಆ ಒಣಹುಲ್ಲೇ ನೆಲಕ್ಕೆ ಅಂಟಿಕೊಂಡು ಕಲ್ಲಾಗಿದೆ. ಕವೆಗೋಲು ಹೊಡೆದರೆ ಕಿಡಿ ಹಾರುತ್ತದೆ. ಎರಡು ಆಟ ಮುಂದಕ್ಕೆ ಹೋದವು.

ತಂಡದ ಸ್ಥಿತಿ ನಿಮಗೆ ಪತ್ರಿಕೆಯಿಂದ ಗೊತ್ತಿದೆ. ಇಪ್ಪತ್ತೆರಡು ತಂಡಗಳಲ್ಲಿ ನಾವು ಇಪ್ಪತ್ತೊಂದನೆಯವರು. ಕೊನೆಯ ಇಬ್ಬರು ಕೆಳಗಿಳಿಯುತ್ತಾರೆ. ಈ ಶನಿವಾರ ನಮ್ಮ ಮೈದಾನಕ್ಕೆ ಬರಬೇಕಾದವರು ನಮಗಿಂತ ಒಂದೇ ಮೆಟ್ಟಿಲು ಮೇಲಿರುವವರು, ಅವರ ಗೋಲ್‌ಕೀಪರನೂ ಇಬ್ಬರು ಫಾರ್ವರ್ಡುಗಳೂ ಫ್ಲೂ ಜ್ವರದಿಂದ ಮಲಗಿದ್ದಾರೆ. ಕ್ರೋಸರ್ ಬೆಳಿಗ್ಗೆ ಮೈದಾನದ ಪಕ್ಕದ ನನ್ನ ಸಾಮಾನಿನ ಗುಡಿಸಲಿಗೆ ಬಂದರು.

"ಶನಿವಾರ ಆಟ ಆಗ್ಲೇಬೇಕು ಸಿರಿಲ್. ಮುಂದಿನ ತಿಂಗಳು ಆಡಿದ್ರೆ ಅವರೆಲ್ಲ ಎದ್ದು ಕೂತಿರ್ತಾರೆ."

"ನೆಲ ಕಬ್ಬಿಣ ಆಗಿದೆ ಸಾರ್. ರೆಫರಿ ಹತ್ತು ಗಂಟೆಗೆ ಬಂದು ಹಿಮ್ಮಡಿ ಊರಿ ನೋಡ್ತಾರೆ, ಆಗಲ್ಲ ಅಂತಾರೆ."

"ಅದಕ್ಕೇ ಉಪ್ಪು ತರಿಸಿದೀನಿ. ರಸ್ತೆಗೆ ಹಾಕೋದು. ಗುರುವಾರ ಎರಡು ಲಾರಿ ಬರುತ್ತೆ. ಸುರಿದುಬಿಡು."

"ಹುಲ್ಲು?"

"ಹುಲ್ಲು ಗೋಲ್ ಹೊಡೆಯುತ್ತಾ?" ಎಂದು ಹೊರಟುಹೋದರು.

ಉಪ್ಪು ಹುಲ್ಲಿಗೆ ಒಳ್ಳೆಯದಲ್ಲ ಎಂದು ನನಗೂ ಗೊತ್ತು. ಆದರೆ ಎಷ್ಟು ಹಾಕಿದರೆ ತಡೆದುಕೊಳ್ಳುತ್ತದೆ, ಆಮೇಲೆ ನೀರು ಹಾಯಿಸಿದರೆ ತೊಳೆದುಹೋಗುತ್ತದೆಯೇ, ಇದನ್ನು ಹದಿನಾಲ್ಕು ವರ್ಷದಲ್ಲಿ ನಾವು ಮಾಡಿದ್ದೇ ಇಲ್ಲ, ಮಾತಾಡಿದ್ದೂ ಇಲ್ಲ. ಹಾಕಲೋ ಬೇಡವೋ? ನನ್ನ ಮಾತಿಗೆ ಕ್ರೋಸರ್ ಬೆಲೆ ಕೊಡುವುದಿಲ್ಲ, ನಿಮ್ಮ ಮಾತಿಗೆ ಅಧ್ಯಕ್ಷರು ಕೊಡುತ್ತಾರೆ. ನೀವು ಬೇಡ ಎಂದರೆ ಆ ಕಾಗದ ಹಿಡಿದು ಅವರ ಮನೆ ಬಾಗಿಲಿಗೇ ಹೋಗುತ್ತೇನೆ. ಶುಕ್ರವಾರ ಸಂಜೆಯವರೆಗೆ ಕಾಯುತ್ತೇನೆ. ಕಾರ್ಡು ಬರೆಯಿರಿ, ಇಲ್ಲವೇ ತಂತಿ ಕೊಡಿ. ಒಂದೇ ಪದ ಸಾಕು.

ಸಿರಿಲ್


ಟ್ಯಾನ್‌ಪಿಟ್ ಲೇನ್
14 ಜನವರಿ 1963

ಮಾನ್ಯ ಬಿಬ್ಬಿಯವರೇ,

ನಮ್ಮದು ಎರಡು ಗೋಲು, ಅವರದು ಸೊನ್ನೆ! ಆ ದಿನ ಇಡೀ ದೇಶದಲ್ಲಿ ನಡೆದ ಆಟಗಳನ್ನು ಬೆರಳಲ್ಲಿ ಎಣಿಸಬಹುದಿತ್ತು, ಅದರಲ್ಲಿ ನಮ್ಮದೊಂದು. ಬೆಳಿಗ್ಗೆ ಏಳಕ್ಕೇ ಊರಿನವರು ಸಲಿಕೆ ಹಿಡಿದು ಗೇಟಿಗೆ ಬಂದರು, ಹಿಮ ಎತ್ತಿಹಾಕಿದವರಿಗೆ ಪುಕ್ಕಟೆ ಪ್ರವೇಶ ಎಂಬ ಹಳೆಯ ಪದ್ಧತಿ ಇದೆಯಲ್ಲ. ಗಿರಣಿಯ ಹೆಂಗಸರೂ ಬಂದಿದ್ದರು. "ಮನೆ ಮುಂದಿನ ಹಿಮ ಹಾಗೇ ಬಿದ್ದಿದೆ, ಅದನ್ನ ಎತ್ತಕ್ಕೆ ಸೊಂಟ ನೋವು, ಇಲ್ಲಿ ನೋಡಿ ಇವರ ಹುರುಪು" ಎಂದು ಒಬ್ಬಾಕೆ ಗಂಡನನ್ನು ಹಿಡಿದು ಝಾಡಿಸುತ್ತಿದ್ದಳು. ರೆಫರಿ ಹಿಮ್ಮಡಿ ಊರಿದರು, ಅದು ಅರ್ಧ ಇಂಚು ಇಳಿಯಿತು. "ಆಡಬಹುದು" ಎಂದರು. ಸಲಿಕೆಗಳೆಲ್ಲ ಒಟ್ಟಿಗೆ ಮೇಲೆದ್ದವು.

ನಿಮ್ಮ ಉತ್ತರ ಬರಲಿಲ್ಲ. ಹಿಮದಲ್ಲಿ ಅಂಚೆ ಸಿಕ್ಕಿಬಿದ್ದಿರಬೇಕು. ಪರವಾಗಿಲ್ಲ. ಉಪ್ಪಿನ ಮಾತು ಬಿಡಿ, ಅದರ ಅವಶ್ಯಕತೆಯೇ ಬೀಳಲಿಲ್ಲ. ಕಬ್ಬಿಣದ ಬುಟ್ಟಿಗಳಲ್ಲಿ ಕೆಂಡ ಹಾಕಿ ಎರಡು ದಿನ ಎಳೆದಾಡಿದೆವು, ಅದರಿಂದಲೇ ಕೆಲಸವಾಯಿತು.

ಕ್ರೋಸರ್ ನನ್ನ ಕೈ ಕುಲುಕಿದರು. ಈಗ ನಾವು ಇಪ್ಪತ್ತನೆಯವರು.

ಸಿರಿಲ್


ವೆಂಟ್ನರ್
18 ಫೆಬ್ರವರಿ 1963

ಸಿರಿಲ್,

ನ್ಯುಮೋನಿಯಾ ಆಗಿತ್ತು. ಜನವರಿಯ ಕೊನೆಯಲ್ಲಿ ಮೂರು ವಾರ ಮಲಗಿಸಿಬಿಟ್ಟಿತು. ಹೆಸ್ಟರ್ ನಿನಗೆ ಕಾರ್ಡು ಬರೆದಳಂತೆ. ಉಪ್ಪಿನ ಬಗ್ಗೆ ನೀನು ಕೇಳಿದ ಪತ್ರ ನಾನು ಮಲಗಿದ್ದಾಗಲೇ ಬಂದಿರಬೇಕು, ಹೆಸ್ಟರ್ ಎಲ್ಲೋ ಇಟ್ಟಿದ್ದಳು, ಮೊನ್ನೆಯಷ್ಟೇ ಕೈಗೆ ಸಿಕ್ಕಿತು. ಹಾಗಾಗಿ ಉತ್ತರ ಬರೆಯಲಾಗಲಿಲ್ಲ.

ಉಪ್ಪು ಹಾಕಲಿಲ್ಲವೆಂದು ಓದಿ ಸಮಾಧಾನವಾಯಿತು. ಎಷ್ಟು ಸಮಾಧಾನವಾಯಿತೆಂದು ನಿನಗೆ ಹೇಳಲಾರೆ. ನಲವತ್ತೇಳರ ಚಳಿಗಾಲದಲ್ಲಿ ಪಕ್ಕದ ಊರಿನವರು ಹಾಕಿದ್ದರು. ಉಪ್ಪು ವಿಷ ಕಣೋ. ಹಾಕಿದ ವಾರ ಏನೂ ಗೊತ್ತಾಗುವುದಿಲ್ಲ, ಚಳಿಯಲ್ಲಿ ಹುಲ್ಲು ಮಲಗಿರುತ್ತದೆ. ಬಿಸಿಲು ಬಂದಾಗ ಎಲ್ಲ ಕಡೆ ಏಳುತ್ತದೆ, ಅಲ್ಲಿ ಏಳುವುದಿಲ್ಲ. ಬೇರಿಗೇ ಹೋಗಿರುತ್ತದೆ. ಬೀಜ ಹಾಕಿದರೂ ಮಣ್ಣಿನಲ್ಲೇ ಸಾಯುತ್ತದೆ.

ನೀನು ಬುದ್ಧಿವಂತಿಕೆ ಮಾಡಿದೆ. ಕೆಂಡದ ಬುಟ್ಟಿ ನಾನೂ ಯೋಚಿಸದ ಉಪಾಯ. ಹಿಮ ಕರಗಿದ ಕೂಡಲೇ ನೆಲ ತಿವಿದು ಗಾಳಿಯಾಡಲು ಬಿಡು. ಮಾರ್ಚ್ ಮಧ್ಯದಲ್ಲಿ ಮೊದಲ ಹಸಿರು ಕಾಣಬೇಕು. ಕಂಡ ದಿನ ನನಗೆ ಬರೆ.

ಎನೊಕ್ ಬಿಬ್ಬಿ


ಟ್ಯಾನ್‌ಪಿಟ್ ಲೇನ್
28 ಮಾರ್ಚ್ 1963

ಮಾನ್ಯ ಬಿಬ್ಬಿಯವರೇ,

ನಿಮ್ಮ ಆರೋಗ್ಯ ಸುಧಾರಿಸಿದ್ದು ಸಂತೋಷ. ಈ ವರ್ಷ ಎಲ್ಲ ಕಡೆಯೂ ಹಸಿರು ತಡವಂತೆ. ನಮ್ಮಲ್ಲೂ ಸ್ವಲ್ಪ ತಡವಾಗಿದೆ. ಬಾಕಿ ಉಳಿದ ಆಟಗಳನ್ನೆಲ್ಲ ಒಟ್ಟಿಗೆ ತುರುಕಿದ್ದಾರೆ, ವಾರಕ್ಕೆ ಎರಡು, ಕೆಲವು ಸಲ ಮೂರು. ನೆಲಕ್ಕೆ ಉಸಿರಾಡಲು ಬಿಡುವಿಲ್ಲ.

ನಾಲ್ಕು ವಾರದಿಂದ ಗುಲಾಬಿ ಪತ್ರಿಕೆ ಕಳಿಸಲಾಗಿಲ್ಲ. ನಾನು ಅಂಗಡಿಗೆ ಹೋಗುವಷ್ಟರಲ್ಲಿ ಮುಗಿದಿರುತ್ತದೆ. ಅದರಲ್ಲಿ ಓದುವಂಥದ್ದೂ ಏನಿಲ್ಲ, ಸೋಲುಗಳೇ.

ಒಂದು ವಿಷಯ ಕೇಳಬೇಕಿತ್ತು. ನನಗಾಗಿ ಅಲ್ಲ. ಪುರಸಭೆ ಪಾರ್ಕಿನಲ್ಲಿ ಮುದುಕರು ಚೆಂಡು ಉರುಳಿಸಿ ಆಡುವ ಬೌಲಿಂಗ್ ಹುಲ್ಲುಹಾಸು ನೋಡಿಕೊಳ್ಳುವವನು ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ. ಚಳಿಗಾಲದಲ್ಲಿ ದಾರಿಗೆ ಹಾಕಿದ ಉಪ್ಪು ಒಂದಿಷ್ಟು ಹುಲ್ಲಿನ ಮೇಲೆ ಬಿತ್ತಂತೆ. ಅವನು ಎರಡು ಸಲ ಬೀಜ ಹಾಕಿದ, ನೀರು ಹಾಯಿಸಿದ, ಹೊಸ ಮಣ್ಣು ಚೆಲ್ಲಿದ, ಏನೂ ಬರಲಿಲ್ಲವಂತೆ. ಅವನು ಏನು ಮಾಡಬೇಕು?

ಸಿರಿಲ್


ವೆಂಟ್ನರ್
9 ಏಪ್ರಿಲ್ 1963

ಸಿರಿಲ್,

ಬೌಲಿಂಗಿನವನಿಗೆ ಬೇರೆ ಕೆಲಸ ಹುಡುಕಿಕೊಳ್ಳಲು ಹೇಳು. ಅಂಥವರ ಮಾತು ನನ್ನ ಹತ್ತಿರ ಎತ್ತಬೇಡ.

ನೀನು ಕಳಿಸದಿದ್ದರೇನು, ಇಲ್ಲಿನ ಪೇಪರ್ ಅಂಗಡಿಯವನ ಬೆನ್ನು ಹತ್ತಿ ನಾಲ್ಕೂ ಗುಲಾಬಿ ಪತ್ರಿಕೆ ತರಿಸಿಕೊಂಡೆ. ಅದರಲ್ಲಿ ಏನು ಬರೆದಿದೆ ಗೊತ್ತೇ? "ಬ್ರಾಕ್‌ಡೇಲಿನಲ್ಲಿ ಕಂಡ ಹಸಿರೆಂದರೆ ಗೋಲ್‌ಕೀಪರನ ಜರ್ಸಿ ಮಾತ್ರ." ನನ್ನ ಮೈದಾನದ ಬಗ್ಗೆ! ಓದಿ ಒಬ್ಬನೇ ಕೂಗಾಡಿದೆ. ಹೆಸ್ಟರ್ ಮತ್ತೆ ಜ್ವರ ಬಂತೆಂದುಕೊಂಡಳು.

ಇದು ಕ್ರೋಸರನ ಕೆಲಸ ಎಂದು ನನಗೆ ಗೊತ್ತು. ಪ್ರತಿ ದಿನ ಹುಡುಗರನ್ನು ಅಲ್ಲೇ ಕುಣಿಸುತ್ತಿದ್ದಾನೆ, ನೀನು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದೀಯ. ನೀನು ಮೊದಲಿನಿಂದಲೂ ಹಾಗೆಯೇ, ದೊಡ್ಡವರು ಗಂಟಲು ಸರಿಮಾಡಿಕೊಂಡರೂ ಟೋಪಿ ತೆಗೆಯುವವನು. ಅದಕ್ಕೆ ನಾನೇ ಅವನಿಗೆ ಬರೆದಿದ್ದೇನೆ. ನಾಲ್ಕು ಪುಟ. ಹುಲ್ಲನ್ನು ಕೊಂದವನು ಎಂದು ನೇರವಾಗಿಯೇ ಕರೆದಿದ್ದೇನೆ.

ಮೇ ತಿಂಗಳಲ್ಲಿ ಡಾಕ್ಟರು ಒಪ್ಪಿದರೆ ಕೊನೆಯ ಆಟಕ್ಕೆ ನಾನೇ ಬರುತ್ತೇನೆ.

ಬಿಬ್ಬಿ


ಟ್ಯಾನ್‌ಪಿಟ್ ಲೇನ್
16 ಏಪ್ರಿಲ್ 1963

ಮಾನ್ಯ ಬಿಬ್ಬಿಯವರೇ,

ಬರಬೇಡಿ. ದಯವಿಟ್ಟು ಬರಬೇಡಿ.

ಕ್ರೋಸರ್ ನಿಮ್ಮ ಪತ್ರವನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿ ಆಟಗಾರರ ಮುಂದೆ ಓದಿದರು. ಆಮೇಲೆ ನನ್ನನ್ನು ಕರೆಸಿದರು. "ನಿನ್ನ ಗುರುಗಳು ನನ್ನನ್ನ ಕೊಲೆಗಾರ ಅಂದಿದಾರೆ. ಅವರಿಗೆ ನೀನು ಹೇಳೇ ಇಲ್ವಾ?" ನಾನು ಟೋಪಿ ತೆಗೆದು ಬಾಗಿಲಲ್ಲೇ ನಿಂತೆ. "ಹೇಳಯ್ಯಾ. ಸಲಿಕೆ ಯಾರ ಕೈಯಲ್ಲಿತ್ತು?"

ನನ್ನ ಕೈಯಲ್ಲಿತ್ತು. ಶುಕ್ರವಾರ ಕೊನೆಯ ಅಂಚೆ ಬರುವವರೆಗೂ ಕಾದೆ, ನಿಮ್ಮಿಂದ ಏನೂ ಬರಲಿಲ್ಲ. ಬೇಡವಾಗಿದ್ದರೆ ಬಿಬ್ಬಿಯವರು ಸುಮ್ಮನಿರುತ್ತಿದ್ದರೇ, ಸುಮ್ಮನಿದ್ದಾರೆಂದರೆ ನನ್ನ ವಿವೇಚನೆಗೆ ಬಿಟ್ಟಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ಲಾರಿ ಉಪ್ಪು ಸುರಿದೆ. ಕೆಂಡದ ಬುಟ್ಟಿ ಸುಳ್ಳು. ಬೌಲಿಂಗಿನವನೂ ಸುಳ್ಳು. ಆಮೇಲೆ ನೀವು ಕಾಯಿಲೆ ಬಿದ್ದಿದ್ದಿರೆಂದು ತಿಳಿದು, ಜ್ವರದಲ್ಲಿದ್ದವರ ಮೌನವನ್ನು ಒಪ್ಪಿಗೆ ಎಂದುಕೊಂಡೆನಲ್ಲ ಎಂದು ನಾಚಿಕೆಯಾಯಿತು. ತಪ್ಪು ನನ್ನದೇ.

ನೀವು ಹೇಳಿದಂತೆಯೇ ಆಯಿತು. ಮಾರ್ಚಿನಲ್ಲಿ ಕೆಸರು, ಈಗ ಬಿಸಿಲಿಗೆ ಇಟ್ಟಿಗೆ. ಹಲ್ಲು ಕಿತ್ತ ಬಾಯಿಯ ಹಾಗೆ ಅಲ್ಲೊಂದು ಇಲ್ಲೊಂದು ಹುಲ್ಲಿನ ಗುಪ್ಪೆ. ನಮ್ಮವರು ಚೆಂಡನ್ನು ನೆಲದ ಮೇಲೇ ಸಾಗಿಸಿ ಆಡುವವರು, ಈಗ ಅದು ಪುಟಿದು ಎಲ್ಲಿಗೆ ಹೋಗುತ್ತದೋ ಯಾರಿಗೂ ಗೊತ್ತಿಲ್ಲ. ಸ್ವಂತ ಮೈದಾನದಲ್ಲಿ ಏಳು ಆಟದಲ್ಲಿ ಗೆದ್ದದ್ದು ಒಂದು. ಕಂಬಿ ಬೇಲಿಯ ಆಚೆಯಿಂದ ಜನ ಕೂಗುತ್ತಾರೆ: "ಸಿರಿಲ್, ಆಲೂಗಡ್ಡೆ ಹಾಕಯ್ಯಾ, ಅದಾದ್ರೂ ಬರುತ್ತೆ!" ಮೊದಲು ನಗುತ್ತಾ ಕೂಗುತ್ತಿದ್ದರು, ಈಗ ಯಾರೂ ನಗುವುದಿಲ್ಲ.

ಬೈಯಿರಿ. ನಾಲ್ಕಲ್ಲ, ಎಂಟು ಪುಟ ಬೈಯಿರಿ. ಆದರೆ ಉತ್ತರ ಬರೆಯಿರಿ.

ಸಿರಿಲ್


ಟ್ಯಾನ್‌ಪಿಟ್ ಲೇನ್
28 ಮೇ 1963

ಬಿಬ್ಬಿಯವರೇ,

ಆರು ವಾರ ಕಾದೆ. ನೀವು ಬರೆಯಲಿಲ್ಲ. ಯಾಕೆ ಎಂದು ನಿನ್ನೆ ಗೊತ್ತಾಯಿತು.

ಮೊದಲು ಆಟದ ವಿಷಯ, ಏಕೆಂದರೆ ಪತ್ರಿಕೆಯವರು ಅದನ್ನು ಸರಿಯಾಗಿ ಬರೆದಿಲ್ಲ. ಹದಿನೆಂಟನೆಯ ತಾರೀಕು, ಕೊನೆಯ ಆಟ. ಸಮ ಮಾಡಿಕೊಂಡರೂ ಸಾಕಿತ್ತು, ಮೊದಲ ಡಿವಿಷನ್ನಿನಲ್ಲೇ ಉಳಿಯುತ್ತಿದ್ದೆವು. ಮೂವತ್ತೊಂದು ಸಾವಿರ ಜನ. ಎಂಬತ್ತನಾಲ್ಕನೆಯ ನಿಮಿಷದವರೆಗೆ ಒಂದಕ್ಕೆ ಒಂದು. ಹೋಲ್‌ರಾಯ್ಡ್ ಹತ್ತಿರ ಚೆಂಡಿತ್ತು, ಸುತ್ತ ಒಬ್ಬ ವೈರಿಯಿಲ್ಲ. ಸಾವಿರ ಸಲ ಮಾಡಿದ ಹಾಗೆ ನಮ್ಮ ಗೋಲ್‌ಕೀಪರ್ ಸಗ್ಡನ್‌ಗೆ ಮೆಲ್ಲಗೆ ಹಿಂದಕ್ಕೆ ತಳ್ಳಿದ. ಸಗ್ಡನ್ ಬಗ್ಗಿ ಎರಡು ಕೈ ಚಾಚಿದ. ಕಾಲುವೆ ಕಡೆಯ ಗೋಲಿನ ಮುಂದೆ, ಹುಲ್ಲೆಲ್ಲ ಹೋಗಿ ಒಣಗಿದ ಮಣ್ಣಿನ ಅಂಚಿಗೆ ಚೆಂಡು ಬಡಿಯಿತು. ಬಡಿದು ಅವನ ಭುಜದ ಮೇಲಿಂದ ಹಾರಿ, ಎರಡು ಸಲ ಕುಪ್ಪಳಿಸಿ ಒಳಗೆ ಹೋಯಿತು. ಸಗ್ಡನ್ ಅದನ್ನು ತೆಗೆಯಲು ಹೋಗಲೇ ಇಲ್ಲ. ಬಗ್ಗಿದವನು ಬಗ್ಗಿಕೊಂಡೇ ಇದ್ದ.

ಮೂವತ್ತೊಂದು ಸಾವಿರ ಜನ ಚೆಂಡನ್ನು ನೋಡಲಿಲ್ಲ, ನೆಲವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆಟ ಮುಗಿದ ಮೇಲೆ ಹೋಲ್‌ರಾಯ್ಡ್ ನನ್ನ ಗುಡಿಸಲಿಗೆ ಬಂದು, ಬೂಟಿನ ಮಣ್ಣನ್ನು ಬಾಗಿಲಲ್ಲಿ ಕೆರೆದು, "ಹನ್ನೊಂದು ವರ್ಷ ಕಣೋ" ಎಂದಷ್ಟೇ ಹೇಳಿ ಹೋದ.

ನಿನ್ನೆ ಸೋಮವಾರ ಆಡಳಿತ ಮಂಡಳಿಯ ಸಭೆ. ನನ್ನನ್ನು ಕೆಲಸದಿಂದ ತೆಗೆಯಲು ಕರೆದಿದ್ದರು, ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಉಪ್ಪು ಸಿರಿಲ್‌ನದೇ ತೀರ್ಮಾನ ಎಂದು ಕ್ರೋಸರ್ ನನ್ನ ಮುಖ ನೋಡಿಕೊಂಡೇ ಹೇಳಿದರು. ಐದು ಜನ ನಿರ್ದೇಶಕರು ತಲೆ ಆಡಿಸಿದರು. ಆಗ ಹೆಸ್ಕೆತ್ ಅವರು ಕನ್ನಡಕ ಹಾಕಿಕೊಂಡು, "ಒಂದ್ನಿಮಿಷ ಇರಿ, ಬಿಬ್ಬಿ ಬರೆದಿದಾರೆ" ಎಂದು ನಿಮ್ಮ ಪತ್ರ ತೆಗೆದರು. ಜೋರಾಗಿ ಓದಿದರು. ನನಗೆ ಬಾಯಿಪಾಠವಾಗಿದೆ.

"ಜನವರಿ ಹತ್ತನೆಯ ತಾರೀಕು ಬೆಳಿಗ್ಗೆ ಸಿರಿಲ್‌ನ ಪತ್ರ ನನ್ನ ಕೈಸೇರಿತು. ನನಗೆ ಆಗ ಜ್ವರವಿರಲಿಲ್ಲ. ಉಪ್ಪು ಹಾಕಲೇ ಎಂದು ಕೇಳಿದ್ದ. ಹಾಕಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ತಂತಿ ಕಚೇರಿ ನಮ್ಮ ಮನೆಯಿಂದ ನಾಲ್ಕನೆಯ ಬಾಗಿಲು. ಕೋಟು ಹಾಕಿಕೊಂಡೆ, ಮತ್ತೆ ತೆಗೆದಿಟ್ಟೆ. ಮೂವತ್ತೊಂದು ವರ್ಷದಲ್ಲಿ ಒಬ್ಬರೂ ನನ್ನನ್ನು ತಂಡದ ಫೋಟೋಗೆ ಕರೆಯಲಿಲ್ಲ. ಹಿಂದೆಂದೂ ಇಲ್ಲದ ಹುಲ್ಲು ಬೆಳೆಸಿದವನು ತಾನೇ ನೋಡಿಕೊಳ್ಳಲಿ ಎಂದುಕೊಂಡೆ. ಹುಲ್ಲನ್ನು ಕೊಂದವನು ನಾನು. ಹುಡುಗನನ್ನು ತೆಗೆಯಬೇಡಿ."

ಓದಿ ಮುಗಿಸಿ ಅಧ್ಯಕ್ಷರು ಮೂಗು ಒರೆಸಿಕೊಂಡರು. ನಿರ್ದೇಶಕರಲ್ಲಿ ಒಬ್ಬರು, "ಎಂಥ ದೊಡ್ಡ ಮನುಷ್ಯ, ಒಪ್ಕೊಂಡ್ರಲ್ಲ" ಎಂದರು. ನನ್ನ ಕೆಲಸ ಉಳಿಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ನಿಮಗೆ ಕೃತಜ್ಞತೆ ಹೇಳಬೇಕೆಂದು ಐವಿ ಹೇಳುತ್ತಾಳೆ. ನಾನು ಹೇಳುವುದಿಲ್ಲ. ಅಧ್ಯಕ್ಷರಿಗೆ ಬರೆಯುವ ಮೊದಲು ನನಗೆ ಬರೆಯಬಾರದಿತ್ತೇ? ಹದಿನಾಲ್ಕು ವರ್ಷ ಜೊತೆಯಲ್ಲಿ ಒಂದೇ ಡಬ್ಬಿಯಲ್ಲಿ ಊಟ ಮಾಡಿದವನು ಐದು ಜನರ ಮುಂದೆ ನಿಂತು ಇದನ್ನು ಕೇಳಬೇಕಿತ್ತೇ? ಮೂರು ತಿಂಗಳು ನಾನು ನಿಮಗೆ ಸುಳ್ಳು ಹೇಳಿದೆನೆಂದು ನಿದ್ದೆಗೆಟ್ಟೆ. ನಿಮ್ಮ ಎದೆಯ ಕಾಯಿಲೆ ಹೆಚ್ಚಾದೀತೆಂದು ನಿಜ ಹೇಳದೆ ಹೆದರಿ ಸತ್ತೆ. ಫೋಟೋ! ನೀವು ಒಂದು ಮಾತು ಹೇಳಿದ್ದರೆ ನಾನೇ ನಿಮ್ಮನ್ನು ಎತ್ತಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದೆ. ನನಗೆ ಆ ಫೋಟೋದಲ್ಲಿ ಕೈ ಎಲ್ಲಿಡಬೇಕೆಂದೂ ಗೊತ್ತಿರಲಿಲ್ಲ, ನೀವೇ ಬರೆದಿರಿ. ಒಂದು ಪದ ಕೇಳಿದ್ದೆ ನಿಮ್ಮನ್ನು, ಬಿಬ್ಬಿಯವರೇ. ಒಂದೇ ಪದ. ಅದರ ಬದಲು ಇಡೀ ಊರಿನ ಮೂವತ್ಮೂರು ವರ್ಷದ ಆಸೆ ಹೋಯಿತು, ಹೋಲ್‌ರಾಯ್ಡ್‌ನ ಹನ್ನೊಂದು ವರ್ಷ ಹೋಯಿತು.

ನಿಮ್ಮನ್ನು ಕ್ಷಮಿಸಿದ್ದೇನೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಬೇಡಿ.

ಆಗಸ್ಟ್‌ನಲ್ಲಿ ಎರಡನೆಯ ಡಿವಿಷನ್ ಶುರುವಾಗುತ್ತದೆ. ಅಷ್ಟರೊಳಗೆ ಮೈದಾನ ಎದ್ದು ನಿಲ್ಲಬೇಕು. ಬರುವ ಸೋಮವಾರದಿಂದ ಹಾಳಾದ ಮಣ್ಣನ್ನು ಅಗೆದು ತೆಗೆಯಲು ಆರು ಆಳುಗಳನ್ನು ಕೊಟ್ಟಿದ್ದಾರೆ. ಉಪ್ಪು ಎಷ್ಟು ಆಳಕ್ಕೆ ಇಳಿದಿರುತ್ತದೆಂದು ನನಗೆ ಗೊತ್ತಿಲ್ಲ. ಕಮ್ಮಿ ಅಗೆದರೆ ಹೊಸ ಹುಲ್ಲೂ ಸಾಯುತ್ತದೆ, ಹೆಚ್ಚು ಅಗೆದರೆ ಕೆಳಗಿನ ನೀರು ಬಸಿಯುವ ಕೊಳವೆಗಳು ಒಡೆಯುತ್ತವೆ. ಆ ಕೊಳವೆಗಳನ್ನು ಹಾಕಿಸಿದವರು ನೀವು, ಎಲ್ಲಿವೆ ಎಂದು ಬಲ್ಲವರು ಬೇರೆ ಯಾರೂ ಬದುಕಿಲ್ಲ.

ಎಷ್ಟು ಅಗೆಯಲಿ? ಈ ಸಲ ಉತ್ತರ ಕೊಡಿ.

ಸಿರಿಲ್ ಕ್ಯಾಟರಾಲ್


ತಂತಿ
ವೆಂಟ್ನರ್, 29 ಮೇ 1963, ಬೆಳಿಗ್ಗೆ 9.05

ಕಾಲುವೆ ಕಡೆ ಎಂಟು ಇಂಚು ಉಳಿದ ಕಡೆ ಆರು. ಮಣ್ಣು ನಾಲಿಗೆಗೆ ಹಚ್ಚಿ ನೋಡು, ಉಪ್ಪಿನ ರುಚಿ ಹೋಗುವ ತನಕ ನಿಲ್ಲಿಸಬೇಡ. ಕೊಳವೆ ಹನ್ನೊಂದು ಇಂಚಿನಲ್ಲಿವೆ. ಬಿಬ್ಬಿ